ಔಷಧಿ ಹೊಡೆಯದ ಐದು ಗುಂಟೆ

೧೯೭೯ರ ಜೂನ್‌ನಲ್ಲಿ ನಾನು ಮೊದಲ ಸಲ ದುಂಡವ್ವನ ಹೊಲಕ್ಕೆ ಹೋದೆ. ಕೊಲ್ಲಾಪುರದಲ್ಲಿ ಪ್ರಾಣಿಶಾಸ್ತ್ರದ ಪಿಎಚ್.ಡಿ.ಗೆ ಸೇರಿ ಆರು ತಿಂಗಳಾಗಿತ್ತು. ಶೇಂಗಾ ಬೆಳೆಗೆ ಬೀಳುವ ಕಂಬಳಿ ಹುಳು ನನ್ನ ವಿಷಯ. ಗಡಹಿಂಗ್ಲಜದಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿಯಿತ್ತು. ಪಕ್ಕದ ಹಳ್ಳಿಯಿಂದ ಸಂತೆಗೆ ಬರುತ್ತಿದ್ದ ದುಂಡವ್ವ ಗಂಡನಿಲ್ಲದೆ ಒಬ್ಬಳೇ ಹೊಲ ನೋಡಿಕೊಳ್ಳುತ್ತಿದ್ದಳು. ಅಪ್ಪನ ಮಾತಿಗೆ ಒಪ್ಪಿ ನನ್ನ ಪ್ರಯೋಗಕ್ಕೆ ಐದು ಗುಂಟೆ ಬಿಟ್ಟುಕೊಟ್ಟಳು.

“ಇಷ್ಟಕ್ಕ ಔಷಧಿ ಹೊಡೀಬ್ಯಾಡ್ರಿ ಕಾಕೂ. ಪ್ರತಿ ಬೇಸ್ತವಾರ ಹತ್ತ ಗಿಡದ ಮ್ಯಾಲಿನ ಹುಳಾ ಎಣಿಸಬೇಕು. ನಾ ಬರಲಿಲ್ಲಂದ್ರ ನೀವ ಎಣಿಸಿ ಇಡ್ರಿ,” ಎಂದೆ.

“ಬರಿಯಾಕ ಬರೂದಿಲ್ರಿ ನನಗ. ಎಣಿಸಾಕ ಬರ್ತೈತಿ.”

ಎರಡು ತಿಂಗಳು ತಪ್ಪದೆ ಹೋದೆ. ಆಗಸ್ಟ್‌ನಲ್ಲಿ ನನ್ನ ಮಾರ್ಗದರ್ಶಕ ಅಭಯಕುಮಾರ ಸರ್ ನನ್ನನ್ನು ಕರೆದು, ಒಂದೇ ಹೊಲದ ಎಣಿಕೆ ಪರೀಕ್ಷಕರ ಮುಂದೆ ನಿಲ್ಲುವುದಿಲ್ಲ, ಪ್ರಯೋಗಾಲಯದಲ್ಲೇ ಹುಳು ಸಾಕಿ ನೋಡು ಎಂದರು. “ಆ ಹೊಲದವರಿಗೆ ಒಂದ್ ಮಾತು ಹೇಳಿ ಬಾ,” ಎಂದೂ ಹೇಳಿದರು.

ನಾನು ಹೇಳಲಿಲ್ಲ. ಮೊದಲು ಪುರುಸೊತ್ತಿಲ್ಲ ಅಂದುಕೊಂಡೆ. ಆಮೇಲೆ ತಡವಾಯಿತೆಂಬ ಸಂಕೋಚಕ್ಕೇ ಹೋಗಲಿಲ್ಲ. ಊರಿಗೆ ಬರುವಾಗ ಬಸ್ಸು ಅವಳ ಹೊಲದ ಪಕ್ಕದಲ್ಲೇ ಹಾಯುತ್ತಿತ್ತು. ಅಷ್ಟು ಹೊತ್ತು ನಾನು ಆಚೆ ಕಿಟಕಿಯತ್ತ ಮುಖ ತಿರುಗಿಸಿ ಕೂರುತ್ತಿದ್ದೆ.

ಮೂರು ವರ್ಷ ಗಾಜಿನ ಭರಣಿಗಳಲ್ಲಿ ಹುಳು ಸಾಕಿದೆ. ೧೯೮೨ರಲ್ಲಿ ಪದವಿ ಬಂತು, ಇಚಲಕರಂಜಿಯ ಕಾಲೇಜೊಂದರಲ್ಲಿ ನೌಕರಿಯೂ ಸಿಕ್ಕಿತು. ಪ್ರಬಂಧದ ಮೊದಲ ಪುಟದಲ್ಲಿ ಟೈಪ್ ಮಾಡಿದವರಿಗೂ, ಭರಣಿ ತೊಳೆದವರಿಗೂ ಕೃತಜ್ಞತೆ ಹೇಳಿದ್ದೆ.

ದೀಪಾವಳಿಗೆ ಮೊದಲು ಊರಿಗೆ ಹೋದಾಗ ಅಪ್ಪ ಹೇಳಿದ: “ದುಂಡವ್ವ ಸಂತಿಗೆ ಬಂದಿದ್ಲು. ಎಣಿಸಿಟ್ಟೇನಿ, ಗುರುಸಿದ್ದ ಯಾವಾಗ ಬರ್ತಾನ ಅಂತ ಕೇಳಿದ್ಲು. ಪೇಡೆ ತಗೊಂಡ ಹೋಗಿ ಬಾ.”

ದುಂಡವ್ವ ನನ್ನನ್ನು ನೇರವಾಗಿ ದನದ ಕೊಟ್ಟಿಗೆಗೆ ಕರೆದೊಯ್ದಳು. ಒಳಗೋಡೆಯ ತುಂಬ ಇದ್ದಿಲಿನ ಗೆರೆಗಳು, ವಾರಕ್ಕೊಂದು ಸಾಲು. ಎರಡು ಮಳೆಗಾಲದ ಎಣಿಕೆ.

“ಇವಕ್ಕ ಅಡ್ಡಗೀಟ ಯಾಕ್ರಿ ಕಾಕೂ?”

“ಅವು ಸತ್ತದ್ದವ್ರಿ. ಮೈಮ್ಯಾಲ ಅಕ್ಕಿಕಾಳಿನಂಥಾ ಬಿಳಿ ಗೂಡ ಇರ್ತಿದ್ವು. ಎರಡನೇ ವರ್ಷ ಭಾಳ ಆದ್ವು. ಔಷಧಿ ಹೊಡದ ಹೊಲದಾಗ ಒಂದೂ ಇದ್ದಿಲ್ಲ. ಯಾಕ್ರಿ ಅದು?”

ಅವು ಹುಳುವಿನ ಮೈಯೊಳಗೇ ಬೆಳೆದು ಅದನ್ನು ಕೊಲ್ಲುವ ಸಣ್ಣ ಕಣಜದ ಗೂಡುಗಳು. ನನ್ನ ಇನ್ನೂರು ಪುಟಗಳಲ್ಲಿ ಅಂಥದೊಂದು ಪ್ರಶ್ನೆಯೂ ಇರಲಿಲ್ಲ.

“ಐದ ಗುಂಟೆ ಪೂರಾ ತಿಂದ್ವು. ಮೈದುನ ದಿನಾ ಬೈತಿದ್ದ. ನೀವು ಬ್ಯಾಡ ಅಂದಿದ್ರಿ, ಹೊಡೀಲಿಲ್ಲ,” ಎಂದಳು. ಆಮೇಲೆ ತುಸು ನಾಚುತ್ತ, “ಇದು ನಿಮ್ಮ ಪುಸ್ತಕದಾಗ ಬಂದೈತೇನ್ರಿ?” ಎಂದು ಕೇಳಿದಳು.

“ಹೌದ್ರಿ,” ಎಂದುಬಿಟ್ಟೆ.

“ಹಂಗಾದ್ರ ಇನ್ನ ಸುಣ್ಣಾ ಹಚ್ಚಲೇನ್ರಿ? ಮೂರ ದೀಪಾವಳಿ ಹಚ್ಚದ ಹಂಗ ಇಟ್ಟಿದ್ದೆ.”

“ಹಚ್ಚರಿ.”

ಇಚಲಕರಂಜಿಗೆ ಮರಳಿದ ಮೇಲೆ ತರಗತಿಯಲ್ಲಿ ಹುಡುಗರು ಡಾಕ್ಟರ್ ಸರ್ ಎಂದಾಗಲೆಲ್ಲ ತಲೆ ತಗ್ಗುತ್ತಿತ್ತು. ನಾಲ್ಕೇ ದಿನಕ್ಕೆ ರಜೆ ಹಾಕಿ, ನೋಟುಪುಸ್ತಕ ಹಿಡಿದು ಅವಳ ಮನೆಗೆ ಓಡಿದೆ. ಕೊಟ್ಟಿಗೆ ಬೆಳ್ಳಗಾಗಿತ್ತು.

ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಪುಸ್ತಕದಲ್ಲಿ ಅವಳ ಒಂದು ಗೆರೆಯೂ ಇಲ್ಲವೆಂದೂ, ಎರಡನೇ ವರ್ಷ ಹೊಲ ಬಿಡುವ ಅಗತ್ಯವೇ ಇರಲಿಲ್ಲವೆಂದೂ ಹೇಳಿದೆ. ಅವಳು ಎಮ್ಮೆಗೆ ಮೇವು ಹಾಕುವುದನ್ನು ನಿಲ್ಲಿಸಿದಳು.

“ಆವಾಗ ಹೇಳಿದ್ರ ಆಗ್ತಿತ್ತಲ್ರಿ. ನಾ ಏನ ಬೈತಿದ್ನ್ಯಾ?”

“ಮುಂದಿನ ಮಳಿಗಾಲಕ್ಕ ನಾನ ಬಂದು ಎಣಿಸ್ತೀನ್ರಿ ಕಾಕೂ.”

“ಬ್ಯಾಡ್ರಿ,” ಎಂದು ಅವಳು ಮತ್ತೆ ಮೇವಿಗೆ ಕೈಹಾಕಿದಳು. ಕೂತುಕೊಳ್ಳಿ ಎನ್ನಲಿಲ್ಲ.

ಬಸ್ಸಿಗೆ ಕಾಯದೆ ನಡೆದೇ ಊರಿಗೆ ಬಂದೆ. ಅಂಗಡಿಯಲ್ಲಿ ಅಪ್ಪ ಸಕ್ಕರೆ ತೂಗುತ್ತಿದ್ದ. ಏನಾಯಿತೆಂದು ಕೇಳಿದ. ಗಿರಾಕಿ ಹೋಗುವವರೆಗೆ ಕಾದು ಅವನಿಗೂ ಹೇಳಿದೆ.

ಅಪ್ಪ ತಕ್ಕಡಿಯನ್ನು ಕೆಳಗಿಟ್ಟ.

“ನನ್ನ ಮಾತ ಮ್ಯಾಲ ಹೊಲಾ ಕೊಟ್ಟಿದ್ಲೋ. ಈಗ ಸಂತಿಗೆ ಬಂದ್ರ ಆಕಿ ಮುಖಾ ನಾ ಹ್ಯಾಂಗ ನೋಡ್ಲಿ?” ಎಂದ.