ಹಕ್ಕಿ ಕುಕ್ಕಿದ ಅಣಬೆ

ನಮ್ಮ ಯಜಮಾನರು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾರೆ. ಊರವರ ಮೆಷಿನ್‌ಗಳೆಲ್ಲ ಓಡುತ್ತವೆ, ನನ್ನದೊಂದು ಬಿಟ್ಟು. ಅದರ ವಿಷಯಕ್ಕೇ ಜಗಳವಾಗಿ ನಾನು ಮಾತು ಬಿಟ್ಟು ವಾರವಾಗಿತ್ತು. ಭಾನುವಾರ ಅದನ್ನು ಬಿಚ್ಚುವುದು ಬಿಟ್ಟು ಅವರು ಹಕ್ಕಿ ಹಾಡು ಕೇಳಲು ಕಾಡಿಗೆ ಹೋದರು. ಬರುವಾಗ ಕರ್ಚೀಫಿನ ತುಂಬ ಬಿಳಿ ಅಣಬೆ ತಂದರು.

ನಾನು ಏನೂ ಕೇಳಲಿಲ್ಲ. ಅವರೇ ಒಲೆಯ ಹತ್ತಿರ ಹೇಳಿಕೊಂಡರು: "ಆ ಕೆಂಪು ಎದೆಯ ಹಕ್ಕಿ ಇದನ್ನ ಕುಕ್ತಾ ಇತ್ತು. ಅಷ್ಟು ಚೆನ್ನಾಗಿ ಹಾಡೋ ಜೀವ ವಿಷ ತಿನ್ನುತ್ತಾ?" ಹುರಿದು, ಅರ್ಧ ನನ್ನ ತಟ್ಟೆಗೂ ಹಾಕಿದರು. ನಾನು ಬರೀ ಬ್ರೆಡ್ ತಿಂದೆದ್ದೆ. ಬುದ್ಧಿಯಿಂದಲ್ಲ, ಹಟದಿಂದ.

ಬೆಳಗಾಗುವಷ್ಟರಲ್ಲಿ ಅವರಿಗೆ ವಾಂತಿ ಶುರುವಾಯಿತು. ಆಸ್ಪತ್ರೆಗೆ ಓಡಿಬಂದ ಅತ್ತೆ ಮೊದಲು ಕೇಳಿದ್ದು, "ಅಡುಗೆ ಯಾರಮ್ಮ ಮಾಡಿದ್ದು?"

"ಹಕ್ಕಿ ಕುಕ್ಕಿದ್ದು ಅಣಬೆಯಲ್ಲಿದ್ದ ಹುಳಾನ ಇರ್ಬೇಕು," ಎಂದರು ಇವರ ಕಥೆ ಕೇಳಿದ ಡಾಕ್ಟರಮ್ಮ.

"ಹಾಡು ಮಾತ್ರ ಬಹಳ ಚೆನ್ನಾಗಿತ್ತು ಡಾಕ್ಟ್ರೇ," ಎಂದರು ಇವರು, ಬಕೆಟ್ಟಿನಿಂದ ತಲೆಯೆತ್ತಿ.

"ಅದು ಹಾಡಲ್ಲ ಸ್ವಾಮಿ, ಬೈಗುಳ. 'ಇದು ನನ್ನ ಜಾಗ, ಹತ್ರ ಬಂದ್ರೆ ಜೋಕೆ' ಅಂತ ಇನ್ನೊಂದು ಹಕ್ಕಿಗೆ ಹೇಳ್ತಿರುತ್ತೆ. ಅಣಬೆ ಅಷ್ಟೂ ಹೇಳಲ್ಲ. ಕಹಿನೂ ಇರಲ್ಲ."

"ಹೌದು, ರುಚಿಯಾಗೇ ಇತ್ತು."

ಬುಧವಾರ ವಾಂತಿ ನಿಂತಿತು. ಇವರು ಎದ್ದು ಕೂತು ಹಸಿವು ಎಂದರು, ಶಿಳ್ಳೆ ಹಾಕಿದರು. ಅತ್ತೆ ಚೀಲ ತುಂಬತೊಡಗಿದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು.

"ಈ ಅಣಬೆ ಹೀಗೇ. ಒಂದಿನ ಸುಮ್ಮನಾಗುತ್ತೆ, ಆಮೇಲೆ ಲಿವರ್ ಹಿಡಿಯುತ್ತೆ. ನಾಳೆ ಏನಾಗುತ್ತೋ ಹೇಳೋಕಾಗಲ್ಲ. ಮನೆಗೆ ಮಾತ್ರ ಕರ್ಕೊಂಡು ಹೋಗ್ಬೇಡಿ."

ಒಳಗೆ ಬಂದರೆ ಇವರು ಆಗಲೇ ಅಂಗಿ ತೊಟ್ಟು ಗುಂಡಿ ಹಾಕುತ್ತಿದ್ದರು.

"ಅಂಗಿ ಬಿಚ್ಚಿ ಮಲಗಿ," ಎಂದೆ.

ಇವರ ಮುಖ ಅರಳಿತು. "ಅಮ್ಮಾ, ಮಾತಾಡಿದ್ಲು! ಹಾಗಾದ್ರೆ ಎಲ್ಲಾ ಸರಿಹೋಯ್ತು."

"ಏನೂ ಸರಿಹೋಗಿಲ್ಲ. ನನಗೆ ತುಂಬಾ ಭಯ ಆಗ್ತಿದೆ ಕಣ್ರೀ."

ಇವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಜಗಳ ಆದ್ರೂ ಮುಗೀತಾ?"

"ಇಲ್ಲ. ಇನ್ನೂ ತುಂಬಾ ಬಾಕಿ ಇದೆ. ನೀವು ಇರ್ಬೇಕು."

ಇವರು ಒಂದೊಂದಾಗಿ ಗುಂಡಿ ಬಿಚ್ಚಿ, ಅಂಗಿಯನ್ನು ನನ್ನ ಕೈಗೆ ಕೊಟ್ಟು ಮಲಗಿದರು.