ಯಾರು ನಿಲ್ಲಬಹುದು ಎಂಬ ಪಟ್ಟಿ

ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರು ನನ್ನಿಂದ ಕೇಳಿದ್ದು ಒಂದೇ ಒಂದು ಹಾಳೆ. ನಮ್ಮ ರೇಷ್ಮೆ ಬೆಳೆಗಾರರ ಸಂಘದ ಅಧ್ಯಕ್ಷ ವೆಂಕಟರಾಯಪ್ಪನವರಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಇನ್ನು ತಮ್ಮಿಂದಾಗದು ಎಂದು ಬಿಟ್ಟುಕೊಟ್ಟಿದ್ದರು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಹೊಸ ಅಧ್ಯಕ್ಷರ ಚುನಾವಣೆ. ಅಷ್ಟರೊಳಗೆ ಯಾರು ಯಾರು ನಿಲ್ಲಬಹುದು, ಯಾರ ಕಡೆ ಎಷ್ಟು ಜನ, ಯಾರು ಯೋಗ್ಯರು ಎಂದು ಸಂಘದ ಕಾರ್ಯದರ್ಶಿಯಾದ ನಾನು ಬರೆದಿಡಬೇಕು.

"ಜಗಳ ಆಗದ ಹಾಗೆ ಒಬ್ಬರನ್ನೇ ಒಪ್ಪಿಸಿಬಿಡೋಣ ಪಿಳ್ಳಣ್ಣ. ನೀವು ಊರಿನವರು, ನಿಮಗೆ ಗೊತ್ತಿರುತ್ತೆ" ಎಂದು ಹೇಳಿ ಅವರು ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಹೊಸಕೋಟೆಯ ಬಸ್ಸು ಹತ್ತಿದರು.

ನನಗೆ ಗೊತ್ತಿರಲಿಲ್ಲ. ಹೊಸಕೋಟೆಯ ಸಂಜೆ ಪಾಠಶಾಲೆಯಲ್ಲಿ ಎರಡು ವರ್ಷ ಕಲಿತ ಅಕ್ಷರ ನನ್ನದು. ಊರಿನಲ್ಲಿ ಓದು ಬರಹ ಬಲ್ಲವರು ಕಡಿಮೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಬರೆದದ್ದು ತಪ್ಪಿರಬಹುದು ಎಂಬ ಅನುಮಾನವೂ ಅಕ್ಷರದ ಜೊತೆಯಲ್ಲೇ ಬಂದಿತ್ತು. ಹಾಳೆಯ ಮೇಲೆ ಗೆರೆ ಎಳೆದು ಮೂರು ಮನೆ ಮಾಡಿದೆ: ಪರ, ವಿರೋಧ, ತಿಳಿಯದು. ಭಾನುವಾರ ಸಂಜೆಯ ಹೊತ್ತಿಗೆ ಮೂರನೆಯದು ಮಾತ್ರ ತುಂಬಿತ್ತು.

"ಮನೇಲಿ ಕೂತು ಬರೆದ್ರೆ ಇನ್ನೇನು ತಿಳಿಯುತ್ತೆ? ಹೋಗಿ ಕೇಳ್ಬಾರ್ದಾ?" ಎಂದಳು ನನ್ನ ಹೆಂಡತಿ ಸಪ್ಪಲಮ್ಮ.

"ಹುಳ ಇರೋ ಮನೆಗೆ ಹೆಂಗೆ ಹೋಗ್ಲಿ?"

"ಜಗಲೀಲಿ ನಿಂತ್ಕೊಂಡು ಕೇಳು. ಒಳಕ್ಕೆ ಹೋಗು ಅಂದ್ನಾ ನಾನು?"

ಅವಳ ಮಾತು ಸರಿಯಾಗಿತ್ತು. ಯುದ್ಧ ಶುರುವಾದ ಮೇಲೆ ಪ್ಯಾರಾಚೂಟು ಬಟ್ಟೆಗೆಂದು ರೇಷ್ಮೆಗೆ ಬೇಡಿಕೆ ಬಂದು, ಅನುಗೊಂಡನಹಳ್ಳಿ ಸುತ್ತಮುತ್ತ ಬಾವಿ ಇದ್ದವರೆಲ್ಲ ಹಿಪ್ಪುನೇರಳೆ ಹಾಕಿದ್ದರು. ಆ ಮಾಗಿಯಲ್ಲಿ ನಮ್ಮೂರಿನ ಬಹುಪಾಲು ಮನೆಗಳಲ್ಲಿ ಹುಳು ಕೊನೆಯ ಜ್ವರ ಮುಗಿಸಿ, ಎಂದರೆ ಕೊನೆಯ ಸಲ ಪೊರೆ ಕಳಚಿ, ಎಡೆಬಿಡದೆ ಸೊಪ್ಪು ತಿನ್ನುತ್ತಿದ್ದವು. ಅಂಥ ದಿನಗಳಲ್ಲಿ ಹೊರಗಿನವರು ಹುಳುವಿನ ಮನೆಗೆ ಕಾಲಿಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ ಎಂದರೆ, ಬೀಗರೇ ಆಗಲಿ, ಮಾತು ಜಗಲಿಯಲ್ಲೇ.

ಸೋಮವಾರ ಬೆಳಿಗ್ಗೆ ಮೊದಲು ಗಂಗಣ್ಣನ ಮನೆಗೆ ಹೋದೆ. ಊರಿಗೆಲ್ಲ ದೊಡ್ಡ ತೋಟ ಅವನದು, ಅದಕ್ಕೆ ತಕ್ಕ ದನಿ.

"ಏನಪ್ಪಾ ಸೆಕ್ರೆಟ್ರಿ, ಜಗಲೀಲೇ ನಿಂತ್ಕಂಡೆ? ಒಳಕ್ಕೆ ಬಾ, ಹುಳ ನೋಡು. ಹಿಂಗೆ ಹುಳ ಸಾಕೋನಿಗೆ ಸಂಘ ಸಾಕೋದು ಕಷ್ಟವಾ?"

"ಬೇಡ ಗಂಗಣ್ಣ, ಬೇವಿನ ಸೊಪ್ಪು ಕಟ್ಟಿದ್ದೀಯ."

"ಅದು ಹೊರಗಿನೋರಿಗೆ ಕಣೋ. ನೀನು ಸಂಘದೋನು."

ತೋಳು ಹಿಡಿದು ಎಳೆದುಕೊಂಡು ಹೋದ. ಒಳಗೆ ಬಿದಿರು ತಟ್ಟೆಗಳು ಸೂರಿನವರೆಗೆ. ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅವನು ಒಂದು ಹುಳುವನ್ನು ನನ್ನ ಅಂಗೈ ಮೇಲಿಟ್ಟು, "ಹೆಂಗೈತೆ?" ಎಂದ. ಚೆನ್ನಾಗಿದೆ ಎಂದೆ. ಅದನ್ನು ಮತ್ತೆ ಇಡುವಾಗ ತಟ್ಟೆಯ ಅಂಚಿನಲ್ಲಿ ಬೆಳ್ಳಗೆ ಸೆಟೆದುಕೊಂಡ ಏನೋ ಒಂದು ಬೆರಳಿಗೆ ತಾಕಿತು.

"ಇದೇನು ಗಂಗಣ್ಣ?"

"ಗೋಡೆ ಸುಣ್ಣ ಉದುರಿರ್ಬೇಕು ಬಿಡು" ಎಂದು ಅವನು ಅದನ್ನು ಸೊಪ್ಪಿನ ಕೆಳಗೆ ತಳ್ಳಿ, ತನ್ನ ಕಡೆಯವರ ಹೆಸರು ಹೇಳತೊಡಗಿದ. ನಾನು ಬರೆದುಕೊಂಡೆ.

ಅಲ್ಲಿಂದ ನೇರ ಸೊಣ್ಣಪ್ಪನವರ ಮನೆಗೆ. ವಯಸ್ಸಾದವರು, ಮೆತ್ತನೆಯ ಮಾತು. ಯಾರ ಮನೆಯಲ್ಲಿ ಪಾಲು ಒಡೆಯಬೇಕಾದರೂ ಅವರನ್ನೇ ಕರೆಯುತ್ತಿದ್ದರು. ನಾನು ಗಂಗಣ್ಣನ ಹುಳು ನೋಡಿದ ಸುದ್ದಿ ನನಗಿಂತ ಮುಂಚೆ ಅವರಿಗೆ ಮುಟ್ಟಿತ್ತು.

"ಅವನ ಮನೆ ಒಳಗಡೆ, ನಮ್ಮನೆ ಜಗಲೀಲಿ. ಹಂಗೇನಪ್ಪಾ ಲೆಕ್ಕ?"

"ಹಾಗಲ್ಲ ಯಜಮಾನ್ರೇ..."

"ಜನ ಏನಂತಾರೆ ಯೋಚ್ನೆ ಮಾಡು. ಪಿಳ್ಳಣ್ಣ ಆಗ್ಲೇ ಒಂದು ಕಡೆ ವಾಲ್ಬಿಟ್ಟವ್ನೆ ಅಂತಾರೆ. ಬಾ, ನಂದೂ ನೋಡು."

ಒಂದು ಕಡೆ ವಾಲಿದವನು ಎನ್ನಿಸಿಕೊಳ್ಳುವುದು ನನಗೆ ಸಹಿಸಲಾಗದ ಮಾತು. ಒಬ್ಬರ ಹುಳು ನೋಡಿದರೆ ಇನ್ನೊಬ್ಬರದನ್ನೂ ನೋಡುವುದೇ ನ್ಯಾಯ ಎಂದುಕೊಂಡು ಒಳಗೆ ಹೋದೆ. ಅವರ ಹುಳುವನ್ನೂ ಅಂಗೈ ಮೇಲೆ ಇಟ್ಟುಕೊಂಡೆ. ಗಂಗಣ್ಣನ ಮನೆಯಲ್ಲಿ ನಿಂತಷ್ಟೇ ಹೊತ್ತು ನಿಂತೆ.

ಮೂರನೆಯದು ಮುನಿತಾಯಮ್ಮನ ಮನೆ. ಗಂಡ ಹೋದ ಮೇಲೆ ಆಕೆಯೇ ಸಂಘದ ಸದಸ್ಯೆ. ಆಕೆ ನಿಲ್ಲುತ್ತಾಳೆಂದು ಯಾರೂ ಹೇಳಿರಲಿಲ್ಲ. ಆಕೆಯನ್ನು ಬಿಟ್ಟರೆ ಪಟ್ಟಿ ಅಪೂರ್ಣವಾದೀತು ಎಂದು ನಾನೇ ಹೋದೆ. ಅಂಗಳಕ್ಕೆ ಬರುತ್ತಿದ್ದಂತೆ ಒಳಗಿನಿಂದ ಕೂಗಿದಳು.

"ಅಲ್ಲೇ ನಿಂತ್ಕ! ಎಲ್ಲಿಂದ ಬಂದೆ?"

ಎರಡೂ ಮನೆ ಹೇಳಿದೆ.

"ಒಳಕ್ಕೆ ಹೋಗಿದ್ಯಾ? ಥೂ, ನಿನ್ನ ಓದಿಗಿಷ್ಟು! ಹೋಗಿ ತಲೆ ಮೇಲೆ ನೀರು ಹುಯ್ಕೊ. ಆಮೇಲೆ ಬೇಕಾದ್ರೆ ಆ ಹುಣಸೆ ಮರದ ಕೆಳಗೆ ನಿಂತು ಮಾತಾಡು."

"ಅಧ್ಯಕ್ಷರ ವಿಚಾರ..."

"ಹೆಬ್ಬೆಟ್ಟು ಒತ್ತೋಳಿಗೆ ಯಾವ ಅಧ್ಯಕ್ಷರ ವಿಚಾರ? ನಡಿ ನಡಿ!"

ಮನೆಗೆ ಬಂದು ಆಕೆಯ ಹೆಸರಿನ ಮುಂದೆ ಬರೆದೆ: ಗರ್ವ ಇದೆ. ಸಹಿ ಬಾರದು. ಯಾರೂ ಬೆಂಬಲಿಸರು.

ಶನಿವಾರ ಸೊಣ್ಣಪ್ಪನವರ ಹುಳು ಸಾಯತೊಡಗಿದವು. ಭಾನುವಾರಕ್ಕೆ ಸತ್ತವು ಬೆಳ್ಳಗೆ ಸೆಟೆದು ಕಡ್ಡಿಯಾದವು. ಸುಣ್ಣಕಟ್ಟು ರೋಗ. ಎಂಟು ತಟ್ಟೆಯಲ್ಲಿ ಒಂದೂ ಉಳಿಯುವಂತಿರಲಿಲ್ಲ. ಗಂಗಣ್ಣನ ಮನೆಯಲ್ಲೂ ನಾಲ್ಕೈದು ತಟ್ಟೆ ಹೋಗಿದೆ ಎಂಬ ಸುದ್ದಿ ಬಂತು. ಸೊಣ್ಣಪ್ಪನವರನ್ನು ಚುನಾವಣೆಯಿಂದ ತೆಗೆಯಲು ಗಂಗಣ್ಣನೇ ಸತ್ತ ಹುಳು ಎಸೆಸಿದ ಎಂದು ಅವರ ಕಡೆಯವರು. ಹೊಟ್ಟೆಕಿಚ್ಚಿಗೆ ಸೊಣ್ಣಪ್ಪನ ಮಕ್ಕಳೇ ಮೊದಲು ಎಸೆದರು ಎಂದು ಗಂಗಣ್ಣನ ಕಡೆಯವರು. ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಬಾವಿಯ ಹತ್ತಿರ ಕೂಗಾಡಿದ್ದೂ ಆಯಿತು.

ನನ್ನ ಪೆಟ್ಟಿಗೆಯಲ್ಲಿ ರೋಗದ ಬಗ್ಗೆ ಒಂದು ತಿಳಿವಳಿಕೆ ಪತ್ರ ಇತ್ತು. ತೆಗೆದು ನೋಡಿದೆ. "ಸುಣ್ಣಕಟ್ಟಿದ ಹುಳುವನ್ನು ಮುಟ್ಟಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಮತ್ತೊಬ್ಬರ ಹುಳುವಿನ ಮನೆಗೆ ಹೋಗಕೂಡದು." ಹಿಂದಿನ ತಿಂಗಳು ಸಭೆಯಲ್ಲಿ ಇದನ್ನು ಎದ್ದುನಿಂತು ಓದಿದ್ದವನು ನಾನೇ. ಉಚ್ಚಾರ ಚೆನ್ನಾಗಿತ್ತು ಎಂದು ವೆಂಕಟರಾಯಪ್ಪನವರು ಹೊಗಳಿದ್ದರು.

ಪತ್ರವನ್ನು ಸಪ್ಪಲಮ್ಮನಿಗೆ ಓದಿ ಹೇಳಿದೆ.

"ನಿನ್ನಿಂದ್ಲೇ ಅಂತ ಯಾರು ಕಂಡ್ರು? ಸೊಪ್ಪು ಒದ್ದೆ ಇತ್ತೇನೋ. ಚಳಿ ಬೇರೆ."

"ನನ್ನಿಂದ ಅಲ್ಲ ಅಂತಾನೂ ಯಾರೂ ಕಂಡಿಲ್ವಲ್ಲ."

"ಹೇಳಿದ್ರೆ ಕಾರ್ಯದರ್ಶಿ ಕೆಲ್ಸ ಹೋಗುತ್ತೆ. ಊರೋರು ನಮ್ಮ ಮನೆ ಬಾಗ್ಲಿಗೆ ಬರಲ್ಲ."

ಅದೂ ನಿಜ. ಹೇಳಿದರೆ ಗಂಗಣ್ಣನ ಮನೆಯಲ್ಲೇ ರೋಗ ಮೊದಲಿತ್ತು ಎಂದಂತೆ, ಅವನ ಮರ್ಯಾದೆ ತೆಗೆದಂತೆ. ಅಲ್ಲಿಗೆ ನಾನು ನಿಜವಾಗಿ ಒಂದು ಕಡೆ ವಾಲಿದವನೇ. ಹೇಳದಿದ್ದರೆ ಕುಡುಗೋಲು. ಅಷ್ಟಕ್ಕೂ ಆ ಬೆಳ್ಳಗಿನದು ಸುಣ್ಣವೇ ಆಗಿತ್ತೇನೋ. ಕಣ್ಣು ಮುಚ್ಚಿ ನೆನೆದರೆ ಒಂದು ಸಲ ಸುಣ್ಣದ ಚೂರು ಕಾಣುತ್ತಿತ್ತು, ಇನ್ನೊಂದು ಸಲ ಅದಕ್ಕೆ ಕಾಲುಗಳಿದ್ದವು.

ಸೋಮವಾರ ಸಭೆ ಸಂಘದ ಪಡಸಾಲೆಯಲ್ಲಿ ಸೇರಿತು. ಎರಡು ಗುಂಪು ಎರಡು ಗೋಡೆಗೆ ಒರಗಿ ಕೂತಿದ್ದವು. ಇನ್‌ಸ್ಪೆಕ್ಟರು ಪಟ್ಟಿ ಎಲ್ಲಿ ಎಂದರು. ನಾನು ಎದ್ದೆ. ಹೆಸರುಗಳನ್ನು ಓದಲು ಆಗಲಿಲ್ಲ.

"ಹೋದ ಸೋಮವಾರ ನಾನು ಮೊದಲು ಗಂಗಣ್ಣನ ಹುಳುವಿನ ಮನೆಗೆ ಹೋದೆ" ಎಂದೆ. "ಅಲ್ಲಿ ಬೆಳ್ಳಗಿದ್ದ ಏನನ್ನೋ ಮುಟ್ಟಿದೆ. ಏನೆಂದು ಗೊತ್ತಿಲ್ಲ. ಅದೇ ಕೈಯಲ್ಲಿ, ಇದೇ ಶರ್ಟಿನಲ್ಲಿ, ಸೊಣ್ಣಪ್ಪನವರ ಹುಳು ಮುಟ್ಟಿದೆ. ಯಾರೂ ಏನೂ ಎಸೆದಿಲ್ಲ. ನಾನೇ ಇರಬೇಕು. ಇಲ್ಲದೆಯೂ ಇರಬಹುದು."

"ಲೇ, ನನ್ನ ಮನೇಲಿ ರೋಗ ಇತ್ತು ಅಂತೀಯೇನ್ಲಾ?" ಗಂಗಣ್ಣ ಎದ್ದು ಬಂದ. "ಎಷ್ಟು ತಿಂದೆ ಅವರ ಹತ್ರ?"

"ಇವನ ಓದಿಗೆ ಬೆಂಕಿ ಬೀಳ!" ಎಂದರು ಆ ಕಡೆಯವರು. ಎರಡು ಗುಂಪೂ ಅಂದು ಒಂದಾದದ್ದು ನನ್ನನ್ನು ಬೈಯುವುದರಲ್ಲಿ ಮಾತ್ರ.

ಸೊಣ್ಣಪ್ಪನವರು ಕೈ ಎತ್ತಿದರು. ಸದ್ದು ಇಳಿಯಿತು.

"ಕೈ ತೊಳ್ದಿದ್ಯಾ ಪಿಳ್ಳಣ್ಣ?"

"ಇಲ್ಲ."

"ಹೂಂ." ಇನ್‌ಸ್ಪೆಕ್ಟರ ಕಡೆ ತಿರುಗಿದರು. "ಇವನು ಜಗಲೀಲೇ ನಿಂತಿದ್ದ. ಬಾ ಅಂತ ಕರ್ದೋನು ನಾನು. ಗಂಗಣ್ಣನಿಗಿಂತ ಕಮ್ಮಿ ಆಗ್ಬಾರ್ದು ಅಂತ ಕರ್ದೆ. ಸ್ವಾಮಿ, ನನ್ನ ಹೆಸರು ಹೊಡೆದಾಕಿ."

ಗಂಗಣ್ಣ ಕೂತ. ತನ್ನ ಹೆಸರು ತೆಗೆಯಿರಿ ಎನ್ನಲಿಲ್ಲ, ಇರಲಿ ಎಂದೂ ಅನ್ನಲಿಲ್ಲ. ಇನ್‌ಸ್ಪೆಕ್ಟರು ಹಣೆ ಒರೆಸಿಕೊಂಡು, ನನ್ನ ಕೈಯಲ್ಲಿದ್ದ ಹಾಳೆಯನ್ನು ಬಗ್ಗಿ ನೋಡಿ, "ಈ ಮುನಿತಾಯಮ್ಮನ ಹುಳು ಹೇಗಿದೆ?" ಎಂದರು. ಹಣ್ಣಾಗಿವೆ, ಗೂಡು ಕಟ್ಟಲು ಬಿಡುತ್ತಿದ್ದಾಳೆ, ಅದಕ್ಕೇ ಸಭೆಗೆ ಬಂದಿಲ್ಲ ಎಂದು ಯಾರೋ ಹೇಳಿದರು.

ನಾವು ಮೂವರು, ಇನ್‌ಸ್ಪೆಕ್ಟರು, ಸೊಣ್ಣಪ್ಪನವರು, ನಾನು, ಹುಣಸೆ ಮರದ ಕೆಳಗೆ ಹೋಗಿ ನಿಂತೆವು. ಬಾಗಿಲ ಪಕ್ಕ ನೀರು ತುಂಬಿದ ಮಡಕೆ, ಬೇವಿನ ಸೊಪ್ಪು. ಮುನಿತಾಯಮ್ಮ ಹೊಂಬಣ್ಣಕ್ಕೆ ತಿರುಗಿದ ಹುಳುಗಳನ್ನು ಒಂದೊಂದಾಗಿ ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯ ಸುರುಳಿಯಲ್ಲಿ ಬಿಡುತ್ತಿದ್ದಳು. ನಿಲ್ಲುತ್ತೀರಾ ಎಂದು ಇನ್‌ಸ್ಪೆಕ್ಟರು ಕೂಗಿ ಕೇಳಿದರು.

"ಮೂರು ದಿನ ಬಿಟ್ಟು ಬರ್ತೀನಿ" ಎಂದಳು ತಿರುಗದೆ. "ಯಾರೂ ಮುಂದಕ್ಕೆ ಬರ್ಬೇಡಿ."

ಸಭೆಗೆ ಬರುತ್ತಾಳೋ, ಚುನಾವಣೆಗೆ ನಿಲ್ಲುತ್ತಾಳೋ ನನಗೆ ಅರ್ಥವಾಗಲಿಲ್ಲ. ಇನ್‌ಸ್ಪೆಕ್ಟರು ಗುರುವಾರಕ್ಕೆ ಮುಂದೂಡಿ, ನಾನೇ ಕಾರ್ಯದರ್ಶಿಯಾಗಿ ಇರಬೇಕೇ ಎಂಬುದನ್ನೂ ಅಂದೇ ನೋಡೋಣ ಎಂದರು. ಆಕೆಯ ಹೆಸರಿನ ಮುಂದಿದ್ದ ಮೂರೂ ಮಾತು ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೋ ತೋಚದೆ ಹಾಗೇ ಬಿಟ್ಟೆ.

ಹಿಂದಿರುಗುವಾಗ ಸೊಣ್ಣಪ್ಪನವರು ನನಗಿಂತ ಮುಂದೆ ನಡೆದರು. ಅವರ ಮನೆಯ ತಿರುವಿನಲ್ಲಿ ನಿಂತರು.

"ನಾಳೆ ಬೆಳಿಗ್ಗೆ ಬಾ. ಹುಳ ಹೂಳೋಕೆ ಗುಂಡಿ ತೋಡ್ಬೇಕು. ಬರೋವಾಗ ಈ ಶರ್ಟು ಬ್ಯಾಡ."

ಹೋದೆ. ಹಿತ್ತಲ ಆಚೆ, ತೋಟದಿಂದ ದೂರದಲ್ಲಿ ಜಾಗ ತೋರಿಸಿ ಗುದ್ದಲಿ ಕೊಟ್ಟರು. ಸೊಂಟದ ಆಳಕ್ಕೆ ತೋಡಿದ ಮೇಲೆ ತಲೆ ಎತ್ತಿ, ಸಾಕೇ ಎಂದು ಕೇಳಿದೆ. ಅವರು ಎಂಟು ತಟ್ಟೆಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗುಂಡಿಯನ್ನು ನೋಡುತ್ತಿದ್ದರು, ನನ್ನನ್ನಲ್ಲ.

"ಇನ್ನೊಂದು ಮೊಳ" ಎಂದರು.