ಅರವತ್ನಾಲ್ಕು ಸಾಲು

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಅದರಾಚೆ ಗೋವಿನಜೋಳ, ರಸ್ತೆಯ ಅರ್ಧದವರೆಗೂ ಹರವಿ ಒಣಹಾಕಿದ್ದಾರೆ, ಡ್ರೈವರ್ ಬೈಯುತ್ತ ಬಸ್ಸನ್ನು ಬಲಕ್ಕೆ ಎಳೆದ, ದಾಕ್ಷಾಯಣಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು, ಇನ್ನೊಂದು ಕೈಯಲ್ಲಿ ಚೀಲ, ಚೀಲದಲ್ಲಿ ಒಂದು ಹಾಳೆ — ಒಂದರಿಂದ ಅರವತ್ನಾಲ್ಕರವರೆಗೆ ಸಾಲುಗಳ ನಂಬರು, ಪ್ರತಿ ಸಾಲಿನ ಮುಂದೆ ಬೀಜದ ಪೊಟ್ಟಣದ ನಂಬರು, ಅಷ್ಟೇ, ಅದರಾಚೆ ಏನೂ ಇಲ್ಲ, ಯಾವ ಗಿಡ ಯಾವುದರ ಮಗಳು, ಯಾವುದು ಯಾಕೆ ಉಳಿಯಿತು, ಯಾವುದನ್ನು ಯಾವುದಕ್ಕೆ ಕೂಡಿಸಬೇಕು, ಏನೂ ಇಲ್ಲ. ರಾಣೆಬೆನ್ನೂರಿನಿಂದ ಹಲಗೇರಿ ಎಷ್ಟು ದೂರ, ಗಂಡ ಮಾಲತೇಶನ ಬೈಕಿನ ಹಿಂದೆ ಕೂತು ಹೋಗುವಾಗ ಮಾತು ಮುಗಿಯುವ ಮೊದಲೇ ಊರು ಬರುತ್ತಿತ್ತು, ಇವತ್ತು ಬರುತ್ತಲೇ ಇಲ್ಲ. ನಂಬರು ಮಾತ್ರ ಬರಿ, ಹೆಸರು ಬರೀಬ್ಯಾಡ, ಅನ್ನುತ್ತಿದ್ದ ಅವನು, ಒಂದು ಸಲ ಹೊಲದಿಂದಲೇ ಯಾರೋ ಹಣ್ಣುಮೆಣಸಿನಕಾಯಿ ಹರಿದುಕೊಂಡು ಹೋದ ಮೇಲೆ, ಪೊಟ್ಟಣ ಕದ್ದರ ಕದೀಲಿ ದಾಕ್ಷಾ, ನಂಬರಿನ ಅರ್ಥ ನಮ್ಮ ಹತ್ರ ಇರ್ತದಲ್ಲ. ಇತ್ತು. ಅವನ ಖಾತೆಯಲ್ಲಿತ್ತು, ಕ್ಲೌಡಿನಲ್ಲಿ, ಒಂಬತ್ತು ವರ್ಷದ್ದು.

ಅವನ ಖಾತೆಯನ್ನು ಅಳಿಸಿದವಳು ತಾನೇ, ಬೇರೆ ಯಾರೂ ಅಲ್ಲ, ಕಳ್ಳರಲ್ಲ, ಬೆಂಕಿಯಲ್ಲ, ವೈರಸ್ಸಲ್ಲ. ಪ್ರತಿ ತಿಂಗಳು ತಮ್ಮ ಬೀಜದ ಕಂಪನಿಯ ಖಾತೆಗಳ ಪಟ್ಟಿ ತೆರೆದಾಗ ನಾಲ್ಕು ಹೆಸರು ಬರುತ್ತಿದ್ದವು, ತನ್ನದು, ಪಾಲುದಾರ ಮನೋಹರನದು, ಆಫೀಸಿನದು, ಮಾಲತೇಶನದು, ಅವನ ಹೆಸರಿನ ಮುಂದೆ ಮಾತ್ರ ಒಂದು ಸಾಲು — ಇನ್ನೂರ ಹತ್ತು ದಿನಗಳಿಂದ ಬಳಕೆಯಲ್ಲಿಲ್ಲ, ಮುಂದಿನ ತಿಂಗಳು ಇನ್ನೂರ ನಲವತ್ತು, ಅದರ ಮುಂದಿನ ತಿಂಗಳು ಇನ್ನೂರ ಎಪ್ಪತ್ತೊಂದು, ಅವನು ಸತ್ತ ಮೇಲಿನ ದಿನಗಳನ್ನು ಅವಳಿಗಿಂತ ಚೆನ್ನಾಗಿ ಯಂತ್ರ ಎಣಿಸುತ್ತಿತ್ತು. ಹೊಲದ ಬದುವಿನ ಮೇಲೆ ಕೂತವನು ಏಳಲಿಲ್ಲ, ನಲವತ್ತಾರು ವರ್ಷ, ನೀರು ಕುಡೀರಿ ಸಾಹೇಬ್ರ ಅಂತ ತಂಬಿಗೆ ಹಿಡಿದು ಹೊಲದ ಮಾಲೀಕ ಗಿರಿಯಪ್ಪ ನಿಂತೇ ಇದ್ದನಂತೆ. ಮುನ್ನೂರ ಎಂಬತ್ತಾದ ದಿನ ಅವಳು ಆ ಹೆಸರಿನ ಪಕ್ಕದ ಚುಕ್ಕೆಗಳನ್ನು ಒತ್ತಿದಳು, ತೆಗೆದುಹಾಕಿ ಅಂತಿತ್ತು, ಒತ್ತಿದಳು, ಯಂತ್ರ ಏನೋ ಕೇಳಿತು, ಈ ಬಳಕೆದಾರರ ಕಡತಗಳನ್ನು ಬೇರೆಯವರಿಗೆ ವರ್ಗಾಯಿಸಬೇಕೇ ಅಂತ, ಓದಿದಳೋ ಇಲ್ಲವೋ, ಕಣ್ಣು ತುಂಬಿತ್ತು, ಖಚಿತವೇ ಅಂತ ಮತ್ತೆ ಕೇಳಿತು, ಖಚಿತ, ಖಚಿತ, ಮುಗಿಸಪ್ಪ ಒಂದ್ಸಲ. ಮುಗಿಯಿತು. ಆ ದಿನ ಅನ್ನ ರುಚಿಯಾಗಿತ್ತು, ಅದೂ ನೆನಪಿದೆ, ಬಹಳ ದಿನಗಳ ಮೇಲೆ ಎರಡು ಸಲ ಸಾರು ಹಾಕಿಸಿಕೊಂಡಿದ್ದಳು.

ಗೊತ್ತಾದದ್ದು ಕಳೆದ ಗುರುವಾರ, ಗಿರಿಯಪ್ಪ ಫೋನು ಮಾಡಿದ, ಅಕ್ಕಾರ ಮೆಣಸಿನ ಗಿಡ ಮಗ್ಗಿ ಹಿಡದಾವ್ರಿ, ಹೂವು ಕೂಡಿಸೋ ಕ್ರಾಸಿಂಗ್ ಹೆಣ್ಮಕ್ಕಳನ್ನ ಯಾವತ್ತಿಂದ ಕರೀಲಿ. ಶನಿವಾರದಿಂದ ಕರಿ, ಯಾವುದಕ್ಕ ಯಾವುದು ಕೂಡಸಬೇಕಂತ ಇವತ್ತೇ ಪಟ್ಟಿ ಕಳಸ್ತೇನಿ ಅಂದಳು, ಕಂಪ್ಯೂಟರ್ ತೆರೆದಳು, ಪಟ್ಟಿಯ ಜಾಗದಲ್ಲಿ ಖಾಲಿ, ನೀವು ಹುಡುಕುತ್ತಿರುವ ಕಡತ ಅಸ್ತಿತ್ವದಲ್ಲಿಲ್ಲ. ಚಿತ್ರಗಳ ಜಾಗ ಖಾಲಿ. ಅವನು ಗಿಡದ ಮುಂದೆ ಕೂತು ಫೋನಿಗೆ ಹೇಳಿಟ್ಟ ಮಾತುಗಳು, ಸಾವಿರದ ಮೇಲಿದ್ದವು, ಖಾಲಿ. ಆಫೀಸಿನ ಕಂಪ್ಯೂಟರಿನಲ್ಲೂ ಇರಬೇಕಲ್ಲ, ಅದೇ ಫೋಲ್ಡರು ಇಲ್ಲೂ ಕಾಣುತ್ತಿತ್ತಲ್ಲ — ಅಲ್ಲೂ ಇಲ್ಲ, ಮೇಲೆ ಕ್ಲೌಡಿನಲ್ಲಿ ಅಳಿದದ್ದು ಕೆಳಗೂ ಅಳಿದಿತ್ತು. ಕ್ಲೌಡ್ ಕಂಪನಿಯ ಸಹಾಯವಾಣಿಯ ಹುಡುಗಿ ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಹೇಳಿದಳು, ಅಳಿಸಿದ ಇಪ್ಪತ್ತು ದಿನದೊಳಗಾಗಿದ್ದರೆ ಮರಳಿಸಬಹುದಿತ್ತು ಮ್ಯಾಡಮ್, ಈಗ ಮೂವತ್ನಾಲ್ಕು ದಿನ, ನಮ್ಮ ಬಳಿಯೂ ಇಲ್ಲ, ಬೇರೆ ಕಡೆ ನಿಮ್ಮದೇ ಪ್ರತಿ ಇರಬೇಕಲ್ಲವೇ. ಇರಬೇಕಲ್ಲವೇ. ಕಂಪ್ಯೂಟರ್ ರಿಪೇರಿಯ ಅನೀಸ ಮೂರು ವರ್ಷದ ಹಿಂದೆ ಇದೇ ಮಾತು ಹೇಳಿದ್ದ, ಆಫೀಸಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, ಸಾಹೇಬ್ರ, ಕ್ಲೌಡಿನ್ಯಾಗ ಇಟ್ಟೇವಿ ಅಂದ್ರ ಬ್ಯಾಕಪ್ ಆತು ಅಂತ ತಿಳೀಬ್ಯಾಡ್ರಿ, ಅದು ಕನ್ನಡಿ ಇದ್ದಂಗ, ಅಕ್ಕಾರು ಹಣಿಮ್ಯಾಗಿನ ಟಿಕಳಿ ತಗದ್ರ ಕನ್ನಡಿಯೊಳಗಿನವರ ಹಣಿಮ್ಯಾಗ ಉಳೀತದೇನ್ರಿ, ಬ್ಯಾರೆ ಕಡೆ ಒಂದು ಕಾಪಿ ಬೇಕ್ರಿ, ನಮ್ಮ ಕೈಯಾಗಿಂದು. ಮಾಲತೇಶ ನಕ್ಕಿದ್ದ, ಏ ಅನೀಸ, ಡಿಸ್ಕ್ ಮಾರಾಕ ಬಂದೀಯೇನಪ. ಅವಳೂ ನಕ್ಕಿದ್ದಳು. ಮರುದಿನ, ಶುಕ್ರವಾರ, ಅದೇ ಅನೀಸ ಅದೇ ಕುರ್ಚಿಯಲ್ಲಿ ಕೂತು ಮಧ್ಯಾಹ್ನದವರೆಗೂ ಹುಡುಕಿದ, ಹಳೆಯ ಲ್ಯಾಪ್‌ಟಾಪು, ಸತ್ತವನ ಫೋನು — ಅದನ್ನು ಅವಳು ಆಗಲೇ ಪೂರ್ತಿ ಅಳಿಸಿ ಮೈದುನನ ಮಗಳು ದೀಪಿಕಾಳಿಗೆ ಕೊಟ್ಟಿದ್ದಳು, ಕಾಲೇಜಿಗೆ ಬೇಕಿತ್ತಂತೆ — ನಾ ಹೇಳಿದ್ದೆ ಅನ್ನುವ ಮಾತು ಅವನ ಬಾಯಿಗೆ ಬರಲೇ ಇಲ್ಲ, ಇಲ್ರೀ ಅಕ್ಕಾರ ಅಂದ, ಚಹಾ ಮುಟ್ಟಲಿಲ್ಲ, ಆ ಮಾತು ಬಂದಿದ್ದರೆ ಚೆನ್ನಾಗಿತ್ತು, ಯಾರಾದರೂ ಬೈದಿದ್ದರೆ.

ಮನೋಹರನೂ ಬೈಯಲಿಲ್ಲ, ವೈನಿ, ಬೀಜ ಎರಡು ಕಡೆ ಅದಾವಲ್ಲ ಅಂದ. ಹೌದು, ಬೀಜ ಎರಡು ಕಡೆ. ಕರೆಂಟು ಹೋಗಿ ತಂಪು ಕೋಣೆ ಕೆಟ್ಟರೆ ಏನು ಗತಿ ಅಂತ ಪ್ರತಿ ಪೊಟ್ಟಣದ ಅರ್ಧವನ್ನು ಮಾಲತೇಶ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಿದ್ದ, ಮೆಣಸಿನಕಾಯಿ ಚೀಲಗಳ ನಡುವೆ ಒಂದು ಸಣ್ಣ ಡಬ್ಬಿ, ಇಟ್ಟು ಸುಮ್ಮನಾಗುತ್ತಿರಲಿಲ್ಲ, ವರ್ಷಕ್ಕೊಮ್ಮೆ ತೆಗೆದು ಹಸಿ ಬಟ್ಟೆಯಲ್ಲಿ ಸುತ್ತಿ ಮೊಳಕೆ ಬರುತ್ತದೋ ಇಲ್ಲವೋ ನೋಡುತ್ತಿದ್ದ, ಇಟ್ಟದ್ದು ಜೀವಂತ ಐತೋ ಇಲ್ಲೋ ನೋಡದಿದ್ರ ಇಟ್ಟಂಗಲ್ಲ ಅನ್ನುತ್ತಿದ್ದ. ಅಷ್ಟು ತಿಳಿದವನು. ಬೀಜ ಎರಡು ಊರಿನಲ್ಲಿ, ಬೀಜದ ಹೆಸರು ಒಂದೇ ಕಡೆ. ನಾನಾದರೂ ಯೋಚಿಸಬೇಕಿತ್ತು, ಆಫೀಸು ನೋಡುವವಳು ನಾನು, ಅವನ ಕೆಲಸ ಗಿಡ — ಅವನಿದ್ದ ಕೊನೆಯ ಎರಡು ವರ್ಷ ತಮ್ಮ ಮೆಣಸಿನ ತಳಿಗೆ ಮುಟುರು ರೋಗ ಬಡಿದು ಎಲೆ ಮುದುಡಿ ಹೊಲಕ್ಕೆ ಹೊಲವೇ ಕುಗ್ಗಿದಾಗ ಕೊಂಡವರೆಲ್ಲ ಅಂಗಡಿಯ ಮುಂದೆ ಬಂದು ನಿಂತಿದ್ದರು, ಆಗ ಅವನು, ತಡೀರಿ ಅಂದಿದ್ದ, ಸಾಯುವ ಎಂಟು ದಿನದ ಮುಂಚೆ ಊಟಕ್ಕೆ ಕೂತು, ಸಿಕ್ತು ದಾಕ್ಷಾ, ಎರಡರ ಜೋಡಿ ಸಿಕ್ತು, ಎಲಿ ಒಂಚೂರೂ ಮುದುಡಿಲ್ಲ ನೋಡು. ಯಾವ ಎರಡು ಅಂತ ಕೇಳಲಿಲ್ಲ. ಬರೆದಿಟ್ಟಿರುತ್ತಾನಲ್ಲ. ರೊಟ್ಟಿ ಹಾಕಲೇನು ಅಂತ ಕೇಳಿದ್ದಳು.

ಹಲಗೇರಿ ರೀ, ಇಳೀರಿ ಇಳೀರಿ. ಇಳಿದಳು, ಧೂಳು, ಬೇವಿನ ಮರ, ಊರಾಚೆ ಗಿರಿಯಪ್ಪನ ಹೊಲ, ಕಾಲುದಾರಿಯಲ್ಲಿ ನೆರಳು ತನ್ನ ಮುಂದೆ ಒಂದೇ ಉದ್ದಕ್ಕೆ ನಡೆಯುತ್ತಿದೆ. ಗಿರಿಯಪ್ಪನ ಹೆಂಡತಿ ಗುಡ್ಡವ್ವ ಬದುವಿನ ಮೇಲೆ ಕಾಯುತ್ತಿದ್ದಳು, ಒಂಬತ್ತು ವರ್ಷ ಮಾಲತೇಶನ ಜೊತೆ ಈ ಸಾಲುಗಳಲ್ಲಿ ಹೂವಿಗೆ ಹೂವು ಕೂಡಿಸಿದವಳು, ಓದು ಬರಹ ಇಲ್ಲ, ಅವಳ ಹತ್ತಿರ ಏನು ಸಿಗುತ್ತದೆ ಅಂತ ಬಂದೆ ನಾನು. ಹೇಳಿದಳು, ಎಲ್ಲ ಹೋಯಿತು ಗುಡ್ಡಕ್ಕಾ, ನನ್ನ ಕೈಯಾರೆ. ಗುಡ್ಡವ್ವ ಪೂರ್ತಿ ಕೇಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಾ ಯವ್ವಾ, ನಂಬರ್ ನನಗ ತಿಳೀದು, ಗಿಡದ ಮಾರಿ ತಿಳೀತದ. ಸಾಲು ಸಾಲಾಗಿ ನಡೆದರು, ಗುಡ್ಡವ್ವ ಬಗ್ಗುತ್ತಾಳೆ, ಎಲೆ ಮಗುಚುತ್ತಾಳೆ, ಕಾಂಡದ ಗಂಟು ಸವರುತ್ತಾಳೆ, ಇದಲ್ಲ, ಇದು ಅಲ್ಲ, ಇದು ಖಾರದ್ದು, ಸಾಹೇಬ್ರು ಇದನ್ನ ಬಿಟ್ಟಬಿಟ್ಟಿದ್ರು, ಹದಿನೆಂಟು, ಹತ್ತೊಂಬತ್ತು, ಬಿಸಿಲು ಇಳಿಯುತ್ತಿದೆ, ಮೂವತ್ತು, ಮೂವತ್ತೊಂದು, ನಲವತ್ತೆರಡನೆಯ ಸಾಲಿನಲ್ಲಿ ಗುಡ್ಡವ್ವ ನಿಂತಳು. ಗಂಟಿನಲ್ಲಿ ನೇರಳೆ ಬಣ್ಣದ ಬಳೆ, ಎಲೆಯ ಬೆನ್ನಿಗೆ ನವಿರು ರೋಮ. ಇದ ನೋಡು ಯವ್ವಾ, ಇದ ಹೆಣ್ಣು, ಆ ವರ್ಷ ಇಂಥಾದ್ದರ ಮುಂದ ಕುಂತು ಎರಡು ತಾಸು ಎದ್ದಿರಲಿಲ್ಲ ಅವ್ರು, ಕೆಂಪು ದಾರ ಕಟ್ಟಿದ್ರು. ದಾಕ್ಷಾಯಣಿ ಹಾಳೆ ತೆಗೆದಳು, ಗಂಡು ಯಾವುದು ಗುಡ್ಡಕ್ಕಾ, ಗಂಡು. ಗುಡ್ಡವ್ವ ಎಲೆ ಕೈಬಿಟ್ಟಳು. ಗಂಡು ತಂದ ಹೊತ್ತಿನ್ಯಾಗ ನಾ ಇರಲಿಲ್ಲವಾ, ಸಂತಿಗೆ ಹೋಗಿದ್ದೆ.

ಅರ್ಧ ಸಿಕ್ಕಿತು. ಹಾಳೆಯಲ್ಲಿ ನಲವತ್ತೆರಡರ ಸುತ್ತ ಗೆರೆ ಎಳೆದಳು, ಹಾಳೆಯ ಚಿತ್ರ ತೆಗೆದು ಮನೋಹರನಿಗೆ ಕಳಿಸಿದಳು, ಅನೀಸನಿಗೂ ಕಳಿಸಿದಳು, ಇದನ್ನ ಮೂರು ಕಡೆ ಇಡು ತಮ್ಮಾ, ಒಂದು ಹಾವೇರಿಯಲ್ಲಿ ನಮ್ಮ ಅಕ್ಕನ ಮನೆಯೊಳಗೆ, ತಿಂಗಳಿಗೊಮ್ಮೆ ತೆಗೆದು ನೋಡೋಣ, ಕೂಡಲೇ ಉತ್ತರ ಬಂತು, ಆತ್ರಿ ಅಕ್ಕಾರ. ನಾಳೆಯಿಂದ ಈ ಹೆಣ್ಣಿಗೆ ಉಳಿದ ಅರವತ್ಮೂರನ್ನೂ ಕೂಡಿಸಿ ನೋಡಬೇಕು, ಒಂದಾದ ಮೇಲೊಂದು, ಎರಡು ವರ್ಷವೋ ಮೂರೋ, ಅಷ್ಟರವರೆಗೆ ಕಂಪನಿ ಇರುತ್ತದೋ ಇಲ್ಲವೋ, ಇರಲಿ, ಕೂಡಿಸಬೇಕು. ನಾಳೆ ಅರಳೋ ಮಗ್ಗಿ ಇವತ್ತ ತಯಾರ ಮಾಡಬೇಕವಾ ಅಂತ ಗುಡ್ಡವ್ವ ಆಗಲೇ ಕುಕ್ಕರುಗಾಲಲ್ಲಿ ಕೂತಿದ್ದಳು, ಚಿಮಟ ಹಿಡಿದು, ಬಿಳಿಯ ಮೊಗ್ಗಿನ ಬಾಯಿ ಬಿಡಿಸಿ ಒಳಗಿನ ಪರಾಗದ ಕೋಲುಗಳನ್ನು ಒಂದೊಂದಾಗಿ ಎತ್ತಿ ಹಾಕಿದಳು, ನಡುವೆ ಹೆಣ್ಣಿನ ಸಣ್ಣ ಹಸಿರು ದಂಟು ಒಂದೇ ಉಳಿಯಿತು. ಸಾಹೇಬ್ರು ಹಿಂಗ ಮಾಡೂ ಮುಂದ ಫೋನಿಗೆ ಮಾತಾಡಕೋತನ ಇರ್ತಿದ್ರು, ಅಂದಳು ಗುಡ್ಡವ್ವ, ತಲೆಯೆತ್ತದೆ. ನಂಬರ್ ಹೇಳ್ತಿದ್ರಲ್ಲ, ಅಂದಳು ದಾಕ್ಷಾಯಣಿ. ನಂಬರನ ಹೇಳ್ತಿದ್ರು, ನಮಗೇನ್ ತಿಳೀತದ, ಹೇಳಿ ಮುಗಿಸಿ ಕಡೀಕ ನಿನ್ನ ಸುದ್ದಿ, ದಾಕ್ಷಾ ಇವತ್ತ ಬಿಸಲು ಭಾಳ ಐತಿ, ದಾಕ್ಷಾ ಇಲ್ಲಿ ಒಂದು ಹಕ್ಕಿ ಬಂದೈತಿ, ಹಂಗ ಏನೇನರ, ದಿನಾ, ನಾವು ಹೆಣ್ಮಕ್ಕಳು ನಗತಿದ್ವಿ, ಮನಿಗೆ ಹೋಗಿ ನೀ ಕೇಳತಿದ್ದೀ ಹೌದಲ್ಲೋ. ಕೇಳಲಿಲ್ಲ. ಒಂದನ್ನೂ ಕೇಳಲಿಲ್ಲ, ಬರೀ ನಂಬರು ಅಂತ, ಅವನಿದ್ದಾಗ ಬೇಕಾಗಲಿಲ್ಲ, ಹೋದ ಮೇಲೆ ಧೈರ್ಯವಾಗಲಿಲ್ಲ, ಎಲ್ಲಿ ಹೋಗುತ್ತವೆ, ಇರುತ್ತವಲ್ಲ, ಮೇಲೆ, ಯಾವತ್ತಾದರೂ — ಬಿಸಲು ಭಾಳ ಐತಿ, ಹ್ಯಾಗೆ ಅಂದಿರಬಹುದು, ಭಾಳ ಅನ್ನುವಾಗ ದನಿ ಏರುತ್ತಿತ್ತೋ, ಇಳಿಯುತ್ತಿತ್ತೋ, ದಾಕ್ಷಾ, ದಾಕ್ಷಾ ಅಂತ ತನ್ನದೇ ದನಿ ಬರುತ್ತಿದೆ, ಗುಡ್ಡವ್ವನ ದನಿ ಬರುತ್ತಿದೆ, ಅವನದು — ಗುಡ್ಡವ್ವ ಮೊಗ್ಗಿನ ತೊಟ್ಟಿಗೆ ದಾರ ಕಟ್ಟಿ ಮುಂದಿನ ಗಿಡಕ್ಕೆ ಸರಿದಳು, ಗಾಳಿಯಿಲ್ಲ, ಐದು ಬಿಳಿ ಎಸಳು, ನಡುವೆ ಒಂದು ಹಸಿರು ದಂಟು, ತುದಿಯಲ್ಲಿ ಒಂದು ಹನಿ ಅಂಟು, ಐದು ಬಿಳಿ ಎಸಳು, ನಡುವೆ ಒಂದೇ ಒಂದು ಹಸಿರು ದಂಟು.